ಕಪ್ಪು ಕಾಯಿಯ ಕಡೆಯ ಕುರ್ಚಿ

ನಮ್ಮಕ್ಕನ ತಲೆ ಕೆಟ್ಟಿತೆಂದರೆ ವಿಶ್ವವಿದ್ಯಾಲಯದ ಚೆಸ್ ಪಂದ್ಯಾವಳಿ ಹತ್ತಿರ ಬಂತೆಂದೇ ಅರ್ಥ. ಕ್ಯಾಲೆಂಡರ್ ನೋಡುವ ಅಗತ್ಯವೇ ಇಲ್ಲ. ಬೆಳಗಿನ ಕಾಫಿ ಅರ್ಧಕ್ಕೇ ಬಿಡುತ್ತಾಳೆ, ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಳ್ಳುತ್ತಾಳೆ. ನಾನು ಯಾರದೋ ಅಂಗಿಗೆ ತೋಳು ಕೂಡಿಸುತ್ತ ಹೊಲಿಗೆ ಯಂತ್ರದ ಮುಂದೆ ಕೂತಿದ್ದರೆ ಬೆನ್ನ ಹಿಂದೆ ಬಂದು ನಿಲ್ಲುತ್ತಾಳೆ. "ಲೇ, ಆಟದ ಮಧ್ಯ ಗಡಿಯಾರದ ಬ್ಯಾಟರಿ ಹೋಗ್ಬಿಟ್ರೆ ಏನೇ ಗತಿ?" ನನಗೇನು ಗೊತ್ತು? ನಾನು ದರ್ಜಿ. ಚೆಸ್ ಗಡಿಯಾರಕ್ಕೂ ನನಗೂ ಎಲ್ಲಿಂದೆಲ್ಲಿಯ ಸಂಬಂಧ? "ಬೇರೆ ಬ್ಯಾಟರಿ ಹಾಕು, ತಲೆ ತಿನ್ಬೇಡ" ಎಂದು ಗದರಿಸಿ ಕಳಿಸುತ್ತೇನೆ. ಎರಡು ನಿಮಿಷಕ್ಕೆ ಮತ್ತೆ ಹಾಜರ್. ಈ ಸಲ ಮಕ್ಕಳಿಗೆ ಕುಡಿಯುವ ನೀರಿನ ಚಿಂತೆ.

ಅಕ್ಕ ರಸಾಯನಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಸಹಾಯಕಿ. ಗಾಜಿನ ನಳಿಕೆ ತೊಳೆಯುವುದು, ಬಾಟಲಿಗಳಿಗೆ ಹೆಸರು ಅಂಟಿಸುವುದು, ವಿದ್ಯಾರ್ಥಿಗಳು ಒಡೆದದ್ದನ್ನು ಗುಡಿಸುವುದು, ಇದೇ ಕೆಲಸ. ಓದುವ ಕಾಲದಲ್ಲಿ ಅದೇ ವಿಶ್ವವಿದ್ಯಾಲಯದ ತಂಡಕ್ಕೆ ಚೆಸ್ ಆಡಿದ್ದಳು. ಕೆಲಸಕ್ಕೆ ಸೇರಿದ ಮೇಲೆ, ಬೇರೆ ಯಾರೂ ಮೈಮೇಲೆ ಹಾಕಿಕೊಳ್ಳದ ಚೆಸ್ ಸಂಘವನ್ನು ತಾನೇ ಹಾಕಿಕೊಂಡಳು. ವರ್ಷ ವರ್ಷವೂ ಪಂದ್ಯಾವಳಿ ನಡೆಯುತ್ತಿತ್ತು. ಬೇರೆ ಬೇರೆ ಕಾಲೇಜುಗಳಿಂದ ಒಂದಿಷ್ಟು ಜನ ಬರುವರು, ತುಟಿ ಪಿಟಕ್ಕೆನ್ನದೆ ಆಡುವರು, ಕಪ್ ತೆಗೆದುಕೊಂಡು ಹೋಗುವರು. ನೋಡುವುದಕ್ಕೆ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. "ಚಿಕ್ಕ ಮಕ್ಕಳು ಬರದಿದ್ರೆ ಈ ಆಟ ನಮ್ಮ ಹಾಲ್‌ನಲ್ಲೇ ಮುದಿಯಾಗಿ ಸತ್ತು ಹೋಗುತ್ತೆ ಕಣೇ" ಎಂದು ಅಕ್ಕ ಕೊರಗುತ್ತಿದ್ದಳು. ಕೊನೆಗೆ ಯಾರ್ಯಾರನ್ನೋ ಕಾಡಿ ಬೇಡಿ, ಶನಿವಾರ ಲ್ಯಾಬ್ ಬಿಟ್ಟು ಶಾಲೆಗಳಿಗೆ ಹೋಗಲು ಅನುಮತಿ ಪಡೆದಳು. ಆ ಶನಿವಾರಗಳೇ ಅವಳ ಜೀವ. ಬಾಕಿ ದಿನಗಳಲ್ಲಿ ಅವಳು ಬರೀ ನಳಿಕೆ ತೊಳೆಯುವವಳು. ಶನಿವಾರ ಮಾತ್ರ 'ಚೆಸ್ ಮಿಸ್'.

ಸಂಘದ ಚೆಸ್ ಸೆಟ್ಟುಗಳು ವಿಶ್ವವಿದ್ಯಾಲಯದ ಗೇಟು ದಾಟುವಂತಿಲ್ಲ. ಅದು ನಿಯಮ, ಯಾವ ಮಹಾನುಭಾವ ಮಾಡಿದನೋ. ಶಾಲೆಗಳಲ್ಲಿ ಸೆಟ್ಟೇ ಇಲ್ಲ. ಆಗ ಅಕ್ಕ ನನ್ನ ಹತ್ತಿರ ಬಂದಳು. ಬಾಗಿಲಿನಷ್ಟು ದೊಡ್ಡ ದಪ್ಪ ಬಟ್ಟೆಯ ಮೇಲೆ ಅರವತ್ನಾಲ್ಕು ಮನೆ, ಮನೆಗೊಂದು ಜೇಬು, ಜೇಬಿನ ಮೇಲೆ ಆ ಮನೆಯ ಅಕ್ಷರ, ಅಂಕಿ ಹೊಲಿದುಕೊಟ್ಟೆ. ರಟ್ಟಿನಲ್ಲಿ ಕತ್ತರಿಸಿದ ರಾಜ, ರಾಣಿ, ಕುದುರೆಗಳನ್ನು ಆ ಜೇಬುಗಳಲ್ಲಿ ಸಿಕ್ಕಿಸಿದರೆ ಗೋಡೆಯ ಮೇಲೆಯೇ ಆಟ. ಇಡೀ ತರಗತಿ ಒಂದು ಪಕ್ಷ, ಅಕ್ಕ ಒಬ್ಬಳೇ ಇನ್ನೊಂದು ಪಕ್ಷ. "ಮಕ್ಕಳು ಬಿಳಿ, ನಾನು ಕಪ್ಪು" ಎನ್ನುತ್ತಿದ್ದಳು. ಬಿಳಿಗೇ ಮೊದಲ ನಡೆ ಅಲ್ಲವೇ, ಮಕ್ಕಳಿಗೇ ಸಿಗಲಿ ಎಂದು. ಬಟ್ಟೆಯನ್ನು ಸುರುಳಿ ಸುತ್ತಿ ಹೆಗಲಿಗೇರಿಸಿ ಬಸ್ ಹತ್ತಿದರೆ ಕಂಡಕ್ಟರ್ "ಚಾಪೆಗೂ ಟಿಕೆಟ್ ತಗೋತೀರಾ?" ಎಂದು ರೇಗಿಸುತ್ತಿದ್ದ. ಅವಳಿಗೆ ಅದೂ ಖುಷಿಯೇ.

ಈ ವರ್ಷ ಲ್ಯಾಬಿನ ಮುಖ್ಯಸ್ಥರು ದೂರು ಕೊಟ್ಟರು. ಶನಿವಾರ ಕೈಗೆ ಆಳಿಲ್ಲ, ಈಕೆ ಊರೆಲ್ಲ ಸುತ್ತುತ್ತಾಳೆ ಎಂದು. ಕುಲಸಚಿವೆ ಅಕ್ಕನನ್ನು ಕರೆಸಿದರು. ವಿಶ್ವವಿದ್ಯಾಲಯದ ಆಡಳಿತವೆಲ್ಲ ಆ ಹೆಂಗಸಿನ ಕೈಯಲ್ಲಿ. ನಕ್ಕದ್ದನ್ನು ಕಂಡವರಿಲ್ಲ. "ಈ ಸಲ ಪಂದ್ಯಾವಳಿಯಲ್ಲಿ ಆ ಶಾಲೆ ಮಕ್ಕಳನ್ನೂ ಆಡಿಸಿ. ನಾನೇ ಬಂದು ನೋಡ್ತೀನಿ. ಏನಾದರೂ ಕಲಿತಿದ್ದರೆ ಸರಿ. ಇಲ್ಲದಿದ್ದರೆ ಶನಿವಾರ ನೀವು ಲ್ಯಾಬ್‌ನಲ್ಲೇ ಇರ್ತೀರಿ" ಎಂದು ಒಂದೇ ಉಸಿರಿಗೆ ಹೇಳಿ ಫೋನ್ ಎತ್ತಿಕೊಂಡರಂತೆ.

ಅಲ್ಲಿಂದ ಶುರುವಾಯಿತು ನೋಡಿ, ನನ್ನ ಜೀವ ಹಿಂಡುವುದು. ಮಕ್ಕಳ ಬಸ್ ಕೆಟ್ಟರೆ? ಯಾವುದಾದರೂ ಮಗು ಅತ್ತರೆ? ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎನ್ನುವುದನ್ನು ಮರೆತರೆ? ನಡೆ ಮುಗಿಸಿ ಗಡಿಯಾರ ಒತ್ತದೇ ಕೂತರೆ? ಪ್ರತಿಯೊಂದಕ್ಕೂ ಅಕ್ಕನ ಹತ್ತಿರ ಒಂದು ಹೆದರಿಕೆ ತಯಾರಿತ್ತು. ನಾನಂತೂ ಬಾಯಿಗೆ ಬಂದಂತೆ ಬೈದೆ. ಬೈಯುತ್ತ ಬೈಯುತ್ತಲೇ, ಆ ದಿನ ಅಂಗಡಿ ಮುಚ್ಚಿ ಅವಳ ಜೊತೆ ಹೊರಟೆ. ಒಬ್ಬಳನ್ನೇ ಹೇಗೆ ಬಿಡುವುದು?

ಹಾಲ್‌ನಲ್ಲಿ ಉದ್ದುದ್ದ ಮೇಜುಗಳು. ಕಿಟಕಿಯ ಕಡೆ ಕಾಲೇಜಿನವರು, ಬಾಗಿಲ ಕಡೆ ಶಾಲೆಯ ಮಕ್ಕಳು, ತಮ್ಮತಮ್ಮಲ್ಲೇ ಎದುರುಬದುರು. ಬಸ್ ಕೆಟ್ಟಿರಲಿಲ್ಲ. ಯಾರೂ ಅತ್ತಿರಲಿಲ್ಲ. ನಾನು ಲೋಟಗಳಿಗೆ ನೀರು ತುಂಬುತ್ತಿದ್ದೆ. ಮಕ್ಕಳು ತಾವೇ ಕಾಯಿ ಜೋಡಿಸಲಿ ಎಂದು ಅಕ್ಕ ಹೇಳಿದ್ದಳು. ಅವಳಿಗೆ ಅದೊಂದು ಹೆಮ್ಮೆ. ತೀರ್ಪುಗಾರರು ಒಂದೊಂದೇ ಮೇಜು ನೋಡುತ್ತ ಬಂದರು. ವಯಸ್ಸಾದವರು, ಎರಡೂ ಕೈಗೆ ವಾಚು ಕಟ್ಟುವುದರಿಂದ ಎಲ್ಲರೂ ಅವರನ್ನು 'ಜೋಡಿ ವಾಚು' ಎನ್ನುತ್ತಿದ್ದರು.

"ಇಲ್ಲಿ ಕಪ್ಪು ರಾಜ, ರಾಣಿ ಅದಲುಬದಲಾಗಿದೆಯಲ್ಲಮ್ಮ" ಎಂದರು.

ಅಕ್ಕ ನಕ್ಕಳು. "ಗಾಬರಿ ಸರ್, ಪಾಪ, ಮಕ್ಕಳು." ಸರಿಮಾಡಿದಳು.

ಮುಂದಿನ ಮೇಜಿನಲ್ಲೂ ಕಪ್ಪು ರಾಜ, ರಾಣಿ ಅದಲುಬದಲು. ಅದರ ಮುಂದಿನದರಲ್ಲೂ ಅದೇ. ಬಿಳಿ ಕಡೆ ಕೂತವರದ್ದು ಒಂದೂ ತಪ್ಪಿಲ್ಲ, ಕಪ್ಪಿನ ಕಡೆ ಕೂತವರದ್ದು ಒಂದೂ ಸರಿಯಿಲ್ಲ. ಅಕ್ಕನ ನಗು ನಿಂತಿತು.

"ರಾಣಿ ರಾಜನ ಎಡಗಡೆ ಅಲ್ವಾ ಮಿಸ್?" ಎಂದು ಮುಂದಿನ ಹಲ್ಲು ಬಿದ್ದ ಒಬ್ಬ ಹುಡುಗಿ ಕೇಳಿದಳು. "ನೀವೇ ಹೇಳ್ಕೊಟ್ಟಿದ್ದು."

"ಆ ಕಡೆ ಕೂತ್ರೆ ಎಡ, ಈ ಕಡೆ ಕೂತ್ರೆ ಬಲ, ಪುಟ್ಟಿ" ಎಂದರು ಜೋಡಿ ವಾಚು.

ಅಕ್ಕ ಬಂದು ನನ್ನ ಮಣಿಕಟ್ಟು ಹಿಡಿದಳು. "ಲೇ, ನಾನು ಆ ಬಟ್ಟೇನ ಒಂದು ಸಲಾನೂ ತಿರುಗಿಸಿ ಹಾಕ್ಲಿಲ್ಲ ಕಣೇ. ಮಕ್ಕಳು ಯಾವಾಗ್ಲೂ ಬಿಳಿ ಕಡೆಯಿಂದಾನೇ ನೋಡಿದ್ದು. ಕಪ್ಪಿನ ಕಡೆ ಕೂತ್ರೆ ಆಟ ಹೇಗೆ ಕಾಣುತ್ತೆ ಅಂತಾನೇ ಅವಕ್ಕೆ ಗೊತ್ತಿಲ್ಲ!"

"ತಿರುಗಿಸೋದು ಹೇಗೆ? ಜೇಬಿನ ಬಾಯಿ ಮೇಲಿದೆ. ತಲೆಕೆಳಗು ಮಾಡಿದ್ರೆ ಕಾಯಿಯೆಲ್ಲ ಉದುರಿ ಹೋಗೋದು. ಕಪ್ಪನ್ನೇ ಕೆಳಗೆ ಸಿಕ್ಕಿಸೋಣ ಅಂದ್ರೆ ಅಂಕಿಯೆಲ್ಲ ಉಲ್ಟಾ" ಎಂದೆ.

"ಅದಕ್ಕೇ ತಿರುಗಿಸ್ಲಿಲ್ಲ" ಎಂದಳು. ಎಲ್ಲದಕ್ಕೂ ಹೆದರಿದ್ದವಳು ಇದೊಂದಕ್ಕೆ ಹೆದರುವುದನ್ನೇ ಮರೆತಿದ್ದಳು. ಮಕ್ಕಳ ಹತ್ತಿರ ಓಡಲು ಹೋದಳು. ಅಷ್ಟರಲ್ಲಿ ಜೋಡಿ ವಾಚು ಕೈ ಎತ್ತಿದರು. "ಆಟ ಶುರು. ಇನ್ನು ನೀವು ಮಕ್ಕಳ ಜೊತೆ ಮಾತಾಡೋ ಹಾಗಿಲ್ಲ."

ಕಲಿಸಿದವಳು ಕಣ್ಣೆದುರಿಗೇ ಇದ್ದಾಳೆ, ಬಾಯಿ ಬಿಡುವಂತಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೇ? ಅಕ್ಕ ಗೋಡೆಗೆ ಒರಗಿ ನಿಂತು ಸೆರಗಿನ ತುದಿಯನ್ನು ಹಿಂಡತೊಡಗಿದಳು. ಸ್ವಲ್ಪ ಹೊತ್ತು ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಆ ಹಲ್ಲು ಬಿದ್ದ ಹುಡುಗಿ ಎದ್ದಳು. ಮೇಜು ಸುತ್ತಿ ಹೋಗಿ, ಎದುರಾಳಿ ಹುಡುಗನ ಬೆನ್ನ ಹಿಂದೆ ನಿಂತು, ಕತ್ತು ವಾಲಿಸಿ ಬೋರ್ಡು ನೋಡಿದಳು. ಮತ್ತೆ ಸುತ್ತಿ ಬಂದು ಕೂತು ಸಿಪಾಯಿಯನ್ನು ನಡೆಸಿ ಗಡಿಯಾರ ಒತ್ತಿದಳು. ಅದನ್ನು ನೋಡಿದ್ದೇ ತಡ, ಪಕ್ಕದವನೂ ಎದ್ದ. ನೋಡನೋಡುತ್ತಿದ್ದಂತೆ ಕಪ್ಪಿನ ಕಡೆಯ ಮಕ್ಕಳೆಲ್ಲ ಎದ್ದು ಓಡಾಟ. ಹೋಗುವುದು, ನೋಡುವುದು, ಬರುವುದು, ನಡೆಸುವುದು.

"ಸರ್, ಕೂರಿಸಿ ಸರ್" ಎಂದು ಅಕ್ಕ ತೀರ್ಪುಗಾರರ ಹತ್ತಿರ ಪಿಸುಗುಟ್ಟಿದಳು.

"ಏಳಬಾರದು ಅಂತ ನಿಯಮ ಇಲ್ಲಮ್ಮ. ಎದುರಿನವರಿಗೆ ತೊಂದರೆ ಆದ್ರೆ ಹೇಳ್ತೀನಿ" ಎಂದರು ಅವರು.

ಆ ಹೊತ್ತಿಗೇ ಬರಬೇಕೇ ಕುಲಸಚಿವೆ! ಬಾಗಿಲಲ್ಲಿ ನಿಂತು ಹುಬ್ಬು ಗಂಟಿಕ್ಕಿದರು. "ಇದೇನ್ರೀ, ಕುರ್ಚಿ ಆಟಾನಾ?" ಎಂದು ಜೋರಾಗಿಯೇ ಕೇಳಿದರು. ಜೋಡಿ ವಾಚು ಅವರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಕುಲಸಚಿವೆಗೆ! ಅಕ್ಕನ ಎದೆ ಒಡೆದುಹೋಗುವುದೊಂದು ಬಾಕಿ. ನಾನು ಸುಮ್ಮನೆ ಒಂದು ಲೋಟ ನೀರು ಅವರ ಕೈಗೆ ಕೊಟ್ಟೆ, ಏನಾದರೂ ಮಾಡಬೇಕಿತ್ತಲ್ಲ. ಅವರು ಕುಡಿಯಲೂ ಇಲ್ಲ, ಇಡಲೂ ಇಲ್ಲ, ಲೋಟ ಹಿಡಿದೇ ನಿಂತು ನೋಡಿದರು. ಮಕ್ಕಳ ಓಡಾಟ ನಿಲ್ಲಲಿಲ್ಲ. ಅಕ್ಕನ ಶನಿವಾರಗಳು ಒಂದೊಂದೇ ಕಳಚಿ ಬೀಳುತ್ತಿರುವುದು ನನಗೆ ಕಾಣುತ್ತಿತ್ತು. ಹೋಗಿ ಆ ಮಕ್ಕಳನ್ನು ಕುರ್ಚಿಗೆ ಹೊಲಿದುಬಿಡೋಣ ಎನಿಸಿತು.

ಸುತ್ತು ಮುಗಿಯಿತು. ಕಪ್ಪಿನ ಕಡೆಯವರು ಹೆಚ್ಚುಕಡಿಮೆ ಎಲ್ಲರೂ ಸೋತಿದ್ದರು. ಕುಲಸಚಿವೆ ನೇರ ಹಲ್ಲು ಬಿದ್ದ ಹುಡುಗಿಯ ಹತ್ತಿರ ಹೋದರು.

"ಏನಮ್ಮಾ, ಆಟದ ಮಧ್ಯ ಅಲ್ಲಿ ಹೋಗಿ ಏನ್ ನೋಡ್ತಿದ್ದೆ?"

"ನಂಗೆ ಆ ಕಡೆಯಿಂದ ಮಾತ್ರ ಬರೋದು. ಈ ಕಡೆಯಿಂದ ಎಲ್ಲ ಉಲ್ಟಾ ಕಾಣುತ್ತೆ" ಎಂದಳು ಹುಡುಗಿ. ಒಂದು ಚೂರೂ ಸಂಕೋಚವಿಲ್ಲ. "ನಮ್ಮ ಮಿಸ್ ಇನ್ನೂ ಈ ಕಡೇದು ಹೇಳ್ಕೊಟ್ಟಿಲ್ಲ."

ಮುಗಿಯಿತು ಎಂದುಕೊಂಡೆ. ಅಕ್ಕ ಮುಂದೆ ಬಂದಳು. ಮಕ್ಕಳು ಗಾಬರಿಯಾದರು, ಸೆಟ್ಟು ಹೊಸದು, ಹೀಗೆ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ನಾನಾಗಿದ್ದರೆ ಖಂಡಿತ ಹೇಳುತ್ತಿದ್ದೆ. ಇವಳು, "ಹೌದು ಮೇಡಂ, ತಪ್ಪು ನನ್ನದೇ. ಇರೋದು ಒಂದೇ ಬಟ್ಟೆ. ಒಂದೇ ಕಡೆಯಿಂದ ಕಲಿಸ್ಬಿಟ್ಟೆ. ನಂಗೆ ಹೊಳೀಲೇ ಇಲ್ಲ" ಎಂದಳು. ನೆಲ ನೋಡಲಿಲ್ಲ.

ಕುಲಸಚಿವೆ ಆ ಹುಡುಗಿಯ ಕುರ್ಚಿಯಲ್ಲಿ ಕೂತರು. ಬೋರ್ಡನ್ನು ನೋಡಿದರು. ಎದ್ದು, ಮೇಜು ಸುತ್ತಿ ಹೋಗಿ, ಆಚೆ ಕಡೆಯಿಂದಲೂ ನೋಡಿದರು.

"ಅಂದ್ರೆ ಇವರೆಲ್ಲ ಅರ್ಧ ಆಟ ಕಲಿತಿದಾರೆ."

"ಹೌದು ಮೇಡಂ."

"ಇನ್ನರ್ಧ ಯಾರ್ರೀ ಕಲಿಸೋದು, ನಾನಾ?" ರೇಗಿದರು. "ಮುಂದಿನ ಪಂದ್ಯಾವಳೀಲಿ ಒಂದು ಮಗೂನೂ ಹೀಗೆ ಎದ್ದು ಓಡಾಡೋದು ನಾನು ನೋಡಬಾರದು." ಕೈಯಲ್ಲಿದ್ದ ನೀರನ್ನು ಗಟಗಟ ಕುಡಿದು, ಲೋಟ ನನಗೆ ಕೊಟ್ಟು ಹೊರಟೇಹೋದರು.

ಅಕ್ಕ ಬಿಳುಚಿಕೊಂಡು ನಿಂತಿದ್ದಳು. "ಬೈದ್ರಲ್ಲೇ. ಎಲ್ಲರ ಮುಂದೆ ಬೈದ್ರಲ್ಲೇ. ಹೋಯ್ತು ಕಣೇ, ನನ್ನ ಶನಿವಾರ ಹೋಯ್ತು."

"ಅಯ್ಯೋ ಪೆದ್ದಿ!" ಎಂದು ಕೂಗಿದೆ. "ಮುಂದಿನ ಪಂದ್ಯಾವಳಿ ಅಂದ್ರಲ್ಲೇ! ಇನ್ನರ್ಧ ಕಲಿಸು ಅಂದ್ರಲ್ಲೇ! ಶನಿವಾರ ಇಲ್ದೆ ಯಾವಾಗ ಕಲಿಸ್ತೀಯ, ನಿನ್ನ ತಲೆ!"

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅತ್ತಳು. ಇಡೀ ದಿನ ಒಂದು ಮಗುವೂ ಅತ್ತಿರಲಿಲ್ಲ, ಚೆಸ್ ಮಿಸ್ ಅತ್ತಳು. ಹಲ್ಲು ಬಿದ್ದ ಹುಡುಗಿ ಬಂದು ಅವಳ ಸೆರಗು ಜಗ್ಗಿ, "ಸೋತಿದ್ದು ನಾನು ಮಿಸ್, ನೀವಲ್ಲ" ಎಂದು ಸಮಾಧಾನ ಮಾಡಿದಳು.

ಸಂಜೆ ಎಲ್ಲರೂ ಹೋದ ಮೇಲೆ ನಾನು ಲೋಟ ತೊಳೆದು ಬಂದೆ. ಹೊಸ ಬಟ್ಟೆ ಹೊಲಿಯಬೇಕು, ಕಪ್ಪು ಕೆಳಗೆ ಬರಬೇಕು, ಅಂಕಿಗಳೂ ತಿರುಗಬೇಕು, ಎಲ್ಲ ಮನಸ್ಸಿನಲ್ಲೇ ಅಳತೆ ಹಾಕುತ್ತಿದ್ದೆ. ಅಕ್ಕ ಒಂದು ಮೇಜಿನ ಮುಂದೆ ಬೋರ್ಡು ಜೋಡಿಸಿಕೊಂಡು ಕೂತಿದ್ದಳು. ಮುಖದ ತುಂಬ ಆಗಲೇ ಹೊಸ ಚಿಂತೆ.

"ಈ ಕಡೆಯಿಂದ ಹೇಗೆ ಹೇಳ್ಕೊಡೋದು ಅಂತಾನೇ ತಿಳೀತಿಲ್ಲ ಕಣೇ. ಏನೂ ಗೊತ್ತಿಲ್ಲದೋರು ಒಬ್ರು ಬೇಕು" ಎಂದು ನನ್ನನ್ನು ನೋಡಿದಳು.

ಎಷ್ಟೋ ವರ್ಷದಿಂದ ಅವಳ ಚೆಸ್‌ಗಾಗಿ ಹೊಲಿದಿದ್ದೇನೆ, ಬೈದಿದ್ದೇನೆ, ಅಂಗಡಿ ಮುಚ್ಚಿದ್ದೇನೆ. ಆಡು ಎಂದು ಅವಳು ನನ್ನನ್ನು ಒಂದು ಸಲವೂ ಕರೆದಿರಲಿಲ್ಲ. ಅದು ನನಗೆ ಬೇಕಿತ್ತೆಂದು ನನಗೇ ಆ ಗಳಿಗೆಯವರೆಗೆ ಗೊತ್ತಿರಲಿಲ್ಲ.

"ಯಾವ ಕಡೆ ಕೂರ್ಲಿ?" ಎಂದೆ.

"ಕಪ್ಪಿನ ಕಡೆ" ಎಂದು ಅಕ್ಕ ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟಳು.