ಭಟ್ರಿಗೆ ಬೇರೆ ಪ್ಲೇಟು

ಸಿನೆಮಾದಲ್ಲಿ ಹಳೆಯ ಗೆಳೆಯರು ಓಡಿಬಂದು ತಬ್ಬಿಕೊಂಡರೆ ನನಗೆ ತಕ್ಷಣ ಸಂಶಯ ಬರುತ್ತದೆ. ಇದು ನನ್ನ ಹುಟ್ಟುಗುಣ. ಮದುವೆಮನೆಯಲ್ಲಿ ಯಾರಾದರೂ ಸುಮ್ಮನೆ ನಕ್ಕರೂ, ಇವರಿಗೆ ನನ್ನಿಂದ ಏನು ಕೆಲಸ ಆಗಬೇಕಪ್ಪಾ ಎಂದು ಯೋಚಿಸುವವನು ನಾನು.

ಮೊನ್ನೆ ಮಂಗಳೂರಿನ ಬಿಜೈಯಲ್ಲಿ ಶಾಲೆಯ ಗೆಳೆಯರಿಬ್ಬರ ಜೊತೆ ಅಂಥದೇ ಒಂದು ಸಿನೆಮಾ ನೋಡಿದೆ. ಒಬ್ಬ ಹೋಟೆಲು ನಡೆಸುವ ಶೆಟ್ಟಿ, ಇನ್ನೊಬ್ಬ ಕೂಳೂರಿನಲ್ಲಿ ಟಯರ್ ಅಂಗಡಿ ಇಟ್ಟಿರುವ ಹಮೀದ್. ಮೂವರೂ ಒಟ್ಟಿಗೆ ಕೂತದ್ದು ಎಷ್ಟೋ ವರ್ಷಗಳ ಮೇಲೆ. ಪರದೆಯ ಮೇಲೂ ನಮ್ಮಂಥವರೇ ಮೂವರು ಸಮುದ್ರ ದಂಡೆಯ ಮನೆಯೊಂದರಲ್ಲಿ ಸೇರಿದ್ದರು. ಶೆಟ್ಟಿ ಮೀಸೆ ತಿರುವುತ್ತಾನೆ, ಸಾಹೇಬ ಬಿರಿಯಾನಿ ತರುತ್ತಾನೆ, ಭಟ್ಟ ಹೆದರಿಕೊಂಡು ಮೂಲೆಯಲ್ಲಿ ಮೊಸರನ್ನ ತಿನ್ನುತ್ತಾನೆ. ನನ್ನ ಪಕ್ಕದ ಶೆಟ್ಟಿಗೆ ಮೀಸೆಯೇ ಇಲ್ಲ. ಹಮೀದನಿಗೆ ಬಿರಿಯಾನಿ ಎಂದರೆ ಎದೆಯುರಿ. ನಾನು ಭಟ್ಟನೇ ಹೌದು, ಆದರೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು, ಮೊಸರು ಕಂಡರಾಗದು. ನಿರ್ದೇಶಕ ಮನುಷ್ಯರನ್ನು ಬಿಟ್ಟು ಅವರ ಬೋರ್ಡುಗಳನ್ನು ಮಾತ್ರ ಕರೆಸಿದ್ದಾನೆ ಎಂದು ಗೊಣಗಿಕೊಂಡೆ.

ಸಿನೆಮಾ ಮುಗಿಸಿ ಹತ್ತಿರದ ಹೋಟೆಲಿಗೆ ಹೋದೆವು. ಶೆಟ್ಟಿ ಬಿಸಿ ಗೋಳಿಬಜೆ ತರಲು ಹೇಳಿದ. ಹಮೀದ್ ಸಪ್ಲೈಯರನನ್ನು ಮತ್ತೆ ಕರೆದು, "ಭಟ್ರಿಗೆ ಬೇರೆಯೇ ಪ್ಲೇಟ್ ಕೊಡಿ, ಆಯ್ತಾ?" ಎಂದ.

ಶಾಲೆಯಲ್ಲಿ ಕೇಳದೆ ನನ್ನ ಬುತ್ತಿಗೆ ಕೈ ಹಾಕುತ್ತಿದ್ದವನು ಇವನೇ. ಆಗ ನಾನು ಭಟ್ರಾಗಿರಲಿಲ್ಲ, ಬರೀ ಶ್ಯಾಮನಾಗಿದ್ದೆ. ಈ ಮರ್ಯಾದೆ ಶುರುವಾದದ್ದು ಯಾವಾಗ? ಸಿನೆಮಾ ನೋಡಿಯೋ, ಊರು ನೋಡಿಯೋ? ನನ್ನ ಬಗ್ಗೆ ಯಾರಾದರೂ ಏನಾದರೂ ಅವನ ಕಿವಿಯಲ್ಲಿ ಊದಿದರೋ? ಗೆಳೆಯನೊಬ್ಬ ಕೈತಪ್ಪಿ ಹೋದನೆಂದು ನಿಜವಾಗಿ ದುಃಖವಾಯಿತು.

ಪುರಾಣದಲ್ಲೂ ಸಹಪಾಠಿಗಳು ಮತ್ತೆ ಸೇರಿದ ಕಥೆಗಳುಂಟು. ಹಳೆಯ ಸಲುಗೆಯಿಂದ ಬಂದ ದ್ರೋಣನ ಮುಂದೆ ದ್ರುಪದ ಅಂತಸ್ತಿನ ಮಾತೆತ್ತಿದ. ಆ ಹಗೆ ಕುರುಕ್ಷೇತ್ರದ ತನಕ ಎಳೆದುಕೊಂಡು ಹೋಯಿತು. ಕೃಷ್ಣನಾದರೋ ಕುಚೇಲನ ಗಂಟು ಕಿತ್ತುಕೊಂಡು ಅವಲಕ್ಕಿ ಮುಕ್ಕಿದ. 'ನಿಮ್ಮಲ್ಲಿ ಇದು ನಡೆಯುತ್ತದಾ' ಎಂದು ವಿಚಾರಿಸಲಿಲ್ಲ. ಸ್ನೇಹದ ಆರೋಗ್ಯಕ್ಕೆ ಸ್ವಲ್ಪ ಅಮರ್ಯಾದೆ ಬೇಕಾಗುತ್ತದೆ.

ಪ್ಲೇಟುಗಳು ಬಂದ ಕೂಡಲೇ ನಾನು ಕೈ ಚಾಚಿ ಹಮೀದನ ಪ್ಲೇಟಿನಿಂದ ಒಂದು ಗೋಳಿಬಜೆ ಎತ್ತಿ, ಅವನದೇ ಚಟ್ನಿಯಲ್ಲಿ ಅದ್ದಿ ತಿಂದೆ.

"ಎಂತ ಮಾರಾಯ, ನಿನ್ನದು ಇಲ್ಲಿ ಉಂಟಲ್ಲ!" ಎಂದ ಶೆಟ್ಟಿ.

ಹಮೀದ್ ನನ್ನ ಮುಖವನ್ನೇ ನೋಡಿದ. "ನೀನೀಗ ದೊಡ್ಡ ಜನ ಅಲ್ವಾ. ನಮ್ಮೊಟ್ಟಿಗೆ ಒಂದೇ ಪ್ಲೇಟಿನಲ್ಲಿ ತಿನ್ನುವುದು ನಿನಗೆ ಆಗ್ತದೋ ಇಲ್ವೋ ಅಂತ ನನಗೇ ಹೆದರಿಕೆ ಮಾರಾಯ."

ಅಂದರೆ ಅವನಿಗೂ ನನ್ನ ಮೇಲೆ ಸಂಶಯ! ಸಂಶಯ ನನ್ನೊಬ್ಬನ ಪಿತ್ರಾರ್ಜಿತ ಆಸ್ತಿಯೆಂದು ನಾನು ತಿಳಿದಿದ್ದೆ.

ಮೂವರೂ ನಕ್ಕೆವು. ಆ ನಗು ಸ್ವಲ್ಪ ಸಿನೆಮಾದ ಹಾಗೆಯೇ ಕೇಳಿಸಿತು. ಅದರ ಮೇಲೂ ಸಂಶಯಪಟ್ಟು ನಾನು ಯೋಚಿಸುತ್ತ ಕೂತಿರುವಾಗ, ಹಮೀದ್ ನನ್ನ ಪ್ಲೇಟಿನ ಕೊನೆಯ ಗೋಳಿಬಜೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡ. ಕೇಳಲೇ ಇಲ್ಲ.

ನನಗೆ ಇನ್ನೂ ಹಸಿವಿತ್ತು. ಅದು ಬೇರೆ ವಿಷಯ.