ಹುಲಿ ಪಂಜರದ ಮುಂದೆ, ಒಂಬತ್ತಕ್ಕೆ

ಕಳೆದ ಭಾನುವಾರ ಬೆಳಿಗ್ಗೆ ಮಹಾರಾಜಬಾಗ್‌ನಲ್ಲಿ ನಾನು ಒಬ್ಬ ಹುಡುಗಿಯನ್ನು ಕಳೆದುಬಿಟ್ಟೆ.

ಗಾಬರಿ ಬೇಡ. ಹುಡುಗಿ ನನ್ನವಳಲ್ಲ. (ನನ್ನವಳು ಮನೆಯಲ್ಲಿ ಹಸಿ ಬಟಾಣಿ ಸುಲಿಯುತ್ತ, ನಾನು ಈ ಕೆಲಸವನ್ನು ಕೆಡಿಸಿಕೊಂಡೇ ಬರುತ್ತೇನೆಂದು ಖಚಿತವಾಗಿ ನಂಬಿ ಕುಳಿತಿದ್ದಳು.) ಹುಡುಗಿ ಮಾಧವನಿಗೆ ತೋರಿಸಬೇಕಾದವಳು. ತೋರಿಸುವ ಹಿರಿಯ ನಾನು.

ನಾಗಪುರದ ನಮ್ಮ ಕನ್ನಡ ಮಂದಿಯ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು. ಇಲ್ಲಿ ಹೆಣ್ಣು ನೋಡುವುದು ಮನೆಯಲ್ಲಲ್ಲ, ಪಾರ್ಕಿನಲ್ಲಿ. ನಾವೆಲ್ಲ ವರ್ಗವಾಗಿ ಬಂದವರು. ರೈಲ್ವೆ, ಏರ್‌ಫೋರ್ಸ್, ಫ್ಯಾಕ್ಟರಿ. ಇರುವುದು ಎರಡು ರೂಮಿನ ಕ್ವಾರ್ಟರ್ಸು. ಒಬ್ಬರ ಮನೆಯಲ್ಲಿ ಕೇಸರಿಬಾತಿಗೆ ರವೆ ಹುರಿದರೆ ಇಡೀ ಬ್ಲಾಕ್ ಕಿಟಕಿಗೆ ಬರುತ್ತದೆ. ಹುಡುಗ ಒಲ್ಲೆ ಅಂದರೆ ಅದೂ ಸಂಜೆಯೊಳಗೆ ಕ್ಯಾಂಟೀನ್ ಮುಟ್ಟುತ್ತದೆ. ಆದ್ದರಿಂದ ಎರಡು ಮನೆಯವರು ಒಂದು ತೋಟದಲ್ಲಿ "ಅಕಸ್ಮಾತ್" ಭೇಟಿಯಾಗುತ್ತಾರೆ. "ಅರೆ, ನೀವೂ ವಾಕಿಂಗ್ ಬಂದ್ರಾ" ಅನ್ನುತ್ತಾರೆ. ಚಹಾ ಕುಡಿಯುತ್ತಾರೆ. ಮುಗಿಯಿತು. ಭೋಸಲೆ ರಾಜರು ತಮ್ಮ ಮನೆಯವರು ಗಾಳಿ ತಗೊಳ್ಳಲಿ ಎಂದು ಮಾಡಿಸಿದ ತೋಟಗಳು ಈಗ ಸರಕಾರಿ ನೌಕರರ ಡ್ರಾಯಿಂಗ್ ರೂಮು. ರಾಜರಿಗೆ ಬೇಸರವಾಗಲಾರದು ಅಂದುಕೊಂಡಿದ್ದೇನೆ.

ನಿಯಮ ಎರಡೇ. ಒಂದು, ಯಾರನ್ನೋ ಹುಡುಕುತ್ತಿದ್ದೀರಿ ಎಂದು ಕಾಣಬಾರದು. ಹೂವು ನೋಡುತ್ತ, ಕೈ ಹಿಂದೆ ಕಟ್ಟಿ, ನಿಧಾನ ನಡೆಯಬೇಕು. ಎರಡು, ಹುಡುಗನ ಕಡೆಯವರು ಬಾರದಿದ್ದರೆ "ಬೇಡ" ಎಂದು ಅರ್ಥ. ಆಮೇಲೆ ಯಾರೂ ಯಾರನ್ನೂ ಕೇಳುವಂತಿಲ್ಲ, ಫೋನಿನಲ್ಲೂ.

ಈ ಎರಡನೆಯ ನಿಯಮವೇ ನನ್ನ ಎದೆ ಒಡೆದದ್ದು.

ಮಾಧವ ಏರ್‌ಫೋರ್ಸಿನಲ್ಲಿ ಕಾರ್ಪೋರಲ್. ತುಮಕೂರಿನ ಕಡೆಯವನು, ನನ್ನ ಹೆಂಡತಿಗೆ ದೂರದ ನೆಂಟ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಗಿರಿಜಾ ಎಂಬ ಹುಡುಗಿ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ನಿರೂಪಣೆ ಮಾಡಿದಳು. ಸಭೆ ನಕ್ಕಿತು. ಅವಳು ಸಭೆಗಿಂತ ಜೋರಾಗಿ ನಕ್ಕಳು. ಅಂದಿನಿಂದ ಮಾಧವ ನಮ್ಮ ಮನೆಗೆ ಬರುವುದು ಹೆಚ್ಚಾಯಿತು. ಕೊನೆಗೊಂದು ದಿನ ಬಾಯಿ ಬಿಟ್ಟ. ಅಷ್ಟರಲ್ಲಿ ಅವನಿಗೆ ಅಸ್ಸಾಮಿಗೆ ಪೋಸ್ಟಿಂಗ್ ಬಂದಿತ್ತು. ಬುಧವಾರ ಗಾಡಿ. ಉಳಿದದ್ದು ಈ ಭಾನುವಾರ ಒಂದೇ.

ಹುಡುಗಿಯ ತಂದೆ ಬಸವಂತಪ್ಪ, ಹುಬ್ಬಳ್ಳಿಯವರು, ಫ್ಯಾಕ್ಟರಿಯಲ್ಲಿ ಫೋರ್‌ಮನ್. ಸೀತಾಬರ್ಡಿ ಪೇಟೆಯಲ್ಲಿ ಕಿತ್ತಳೆಯ, ಅಂದರೆ ಇಲ್ಲಿನ ಸಂತ್ರಾದ, ರಾಶಿಯ ಮುಂದೆ ಸಿಕ್ಕಾಗ ಜಾಗ ನಿಶ್ಚಯವಾಯಿತು. ಅವರು ಹಣ್ಣು ಸುಲಿಯುತ್ತ ಹೇಳಿದ್ದು ನನಗೆ ನೆನಪಿದೆ: "ಐತವಾರ, ಮಹಾರಾಜಬಾಗ್, ಹುಲಿ ಪಂಜರದ ಮುಂದ, ಒಂಬತ್ತಕ್ಕ."

ನೆನಪಿದೆ ಅಂದೆನೇ? ಅಲ್ಲೇ ಇರುವುದು ತೊಂದರೆ.

ನನ್ನನ್ನು ಓದುತ್ತ ಬಂದವರಿಗೆ ಗೊತ್ತು, ನಾನು ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ. ಹವಾಮಾನ ವರದಿ, ಜಾತಕ, ನನ್ನದೇ ನೆನಪು, ಎಲ್ಲ ಒಂದೇ ಸಾಲು. ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡಿದ್ದರ ಫಲ. ಭಾನುವಾರ ನಾನೂ ಮಾಧವನೂ ಪಂಜರದ ಮುಂದೆ ನಿಂತಿದ್ದಂತೆ ಒಂಬತ್ತಾಯಿತು. ಹುಲಿ ಬಂದು ಆಕಳಿಸಿ ಹೋಯಿತು. ಬಸವಂತಪ್ಪ ಬರಲಿಲ್ಲ. ಆಗ ನನ್ನೊಳಗಿನ ಎಂ.ಎ. ಎದ್ದು ಕುಳಿತಿತು. ಸಂತ್ರಾ ವಾಸನೆಯ ಸಮೇತ ನೆನಪಿರುವ ಮಾತು ಎಷ್ಟರಮಟ್ಟಿಗೆ ನಿಜ? ಹೋದ ತಿಂಗಳು ಊರಿಂದ ಬಂದ ನೆಂಟರಿಗೆ ಇದೇ ಹುಲಿ ತೋರಿಸಿದ್ದೆನಲ್ಲ, ಹುಲಿ ಆ ನೆನಪಿನಿಂದ ಈ ನೆನಪಿಗೆ ನೆಗೆದಿರಬಹುದಲ್ಲವೇ? ಬಸವಂತಪ್ಪನವರ ಗೆಳೆಯರೊಬ್ಬರು ಹಳೆ ಊರಿನ ಮಹಾಲ್‌ನಲ್ಲಿದ್ದಾರೆ. ಅಲ್ಲೇ ತುಳಸಿಬಾಗ್ ಇದೆ. ಅವರು ತುಳಸಿಬಾಗ್ ಅಂದಿರಬೇಕು.

"ಹತ್ತು ನಿಮಿಷ ಕಾಯೋಣ ಸಾರ್," ಅಂದ ಮಾಧವ.

"ಕಾಯೋದು ಸುಲಭ ಕಣಪ್ಪ. ಎಲ್ಲಿ ಕಾಯಬೇಕು ಅನ್ನೋದೇ ಪ್ರಶ್ನೆ. ನಡಿ, ತುಳಸಿಬಾಗಿಗೆ."

ಅವನು ತರ್ಕ ಮಾಡಲಿಲ್ಲ. ಗೇಟಿನಲ್ಲಿ ಶೇಂಗಾ ಕೊಳ್ಳುತ್ತೇನೆಂದು ಹಿಂದೆ ಉಳಿದ. ಆಮೇಲೆ ಆಟೋ ಹತ್ತಿದೆವು.

ತುಳಸಿಬಾಗ್‌ನಲ್ಲಿ ನಾನು ತುಳಸಿಯನ್ನೂ ಹುಡುಕಿದೆ. ಕಣ್ಣಿಗೆ ಬಿದ್ದದ್ದು ಒಂದು ಗಿಡ, ಅದೂ ಎಣ್ಣೆ ಡಬ್ಬಿಯಲ್ಲಿ. ಹಳೆ ಗೋಡೆ, ಹಳೆ ಬಾವಿ, ಬಿಸಿಲು ಕಾಯಿಸಿಕೊಳ್ಳುವ ಹಳೆ ಮಂದಿ. ಜನವರಿಯ ಎಳೆಬಿಸಿಲು ಎಷ್ಟು ಚೆನ್ನಾಗಿತ್ತೆಂದರೆ, ಬೇರೆ ದಿನವಾಗಿದ್ದರೆ ನಾನೂ ಅವರ ಸಾಲಿನಲ್ಲಿ ಕುಳಿತು ಮನೆ ಮರೆಯುತ್ತಿದ್ದೆ. ಆದರೆ ನಾವು ಕೈ ಹಿಂದೆ ಕಟ್ಟಿ ಒಂದು ಸುತ್ತು ಹಾಕಿದೆವು. ಮತ್ತೊಂದು ಸುತ್ತು. ಮೂರನೆಯ ಸುತ್ತಿಗೆ ಮಂಕಿ ಕ್ಯಾಪ್ ತೊಟ್ಟ ಮುದುಕರೊಬ್ಬರು ತಡೆಯಲಾರದೆ ಕೇಳಿದರು: "ಕಾಯ್ ಶೋಧತಾಯ್, ಸಾಹೇಬ್?" ಏನು ಹುಡುಕುತ್ತಿದ್ದೀರಿ ಎಂದು.

"ಕಾಹೀ ನಾಹೀ. ಸಹಜ," ಅಂದೆ. ಏನಿಲ್ಲ, ಸುಮ್ಮನೆ ಎಂದು. ನಿಯಮ ನಿಯಮವೇ.

ಇನ್ನು ತೆಲಂಗಖೇಡಿಗೆ ಎಂದು ಮಾಧವನಿಗೆ ಹೇಳಿ, ಹೊರಗೆ ಬಂದು ನೋಡಿದರೆ ಅವನು ಇನ್ನೂ ಆ ಮುದುಕರ ಹತ್ತಿರ ಬಗ್ಗಿ ಏನೋ ಮಾತಾಡುತ್ತಿದ್ದ. ದೊಡ್ಡವರೆಂದರೆ ಗೌರವ ಇರುವ ಹುಡುಗ, ಅಂದುಕೊಂಡೆ.

ಮಹಾರಾಜಬಾಗ್ ಅಲ್ಲ, ತುಳಸಿಬಾಗ್ ಅಲ್ಲ. ಹಾಗಾದರೆ ರಾಜರ ಮತ್ತೊಂದು ತೋಟ, ತೆಲಂಗಖೇಡಿ. ಊರಿನ ಇನ್ನೊಂದು ತುದಿ. (ಸಂಶಯವಾದಿಯ ಆಟೋ ಖರ್ಚಿನ ಬಗ್ಗೆ ಯಾವ ದಾರ್ಶನಿಕನೂ ಯಾಕೆ ಬರೆದಿಲ್ಲ?)

ತೆಲಂಗಖೇಡಿ ಬಾಗ್ ಮೆಟ್ಟಿಲು ಮೆಟ್ಟಿಲಾಗಿ ಏರುವ ತೋಟ. ಕೆಳಗೆ ಕೆರೆಯ ಗಾಳಿ. ಚೆಂಡುಹೂವು ಬೇಕಾದಷ್ಟು. ಬಸವಂತಪ್ಪ ಇಲ್ಲ. ಬೆಂಚಿನ ಮೇಲೆ ಕುಳಿತು ಶೇಂಗಾ ಪೊಟ್ಟಣ ಬಿಚ್ಚಿದೆವು. ಇಬ್ಬರೂ ತಿನ್ನಲಿಲ್ಲ.

"ಸಾರ್, ಅವರು ಬಂದು, ನಮ್ಮನ್ನ ಕಾಣದೆ ವಾಪಸ್ ಹೋಗಿದ್ರೆ? ನಾನೇ ಬೇಡ ಅಂದೆ ಅಂತ ತಾನೇ ತಿಳ್ಕೊಳ್ಳೋದು?"

"ಸಾಧ್ಯತೆ ಇದೆ."

"ಅಸ್ಸಾಮಿಂದ ಇನ್ನೊಂದು ವರ್ಷ ರಜ ಸಿಗಲ್ಲ. ಅಷ್ಟರಲ್ಲಿ ಬೇರೆ ಕಡೆ ನೋಡ್ತಾರೆ."

ಅದಕ್ಕೂ ಸಾಧ್ಯತೆ ಇತ್ತು. ತರ್ಕದ ತಪ್ಪು ತರ್ಕ ಮಾಡಿದವನಿಗೆ ತಟ್ಟಿದರೆ ಚಿಂತೆಯಿಲ್ಲ. ಪಕ್ಕದಲ್ಲಿ ಕೂತ ಹುಡುಗನಿಗೆ ತಟ್ಟುವುದು ಯಾವ ನ್ಯಾಯ?

ಆಗ ಕೆಳಗಿನ ಮೆಟ್ಟಿಲುಗಳಿಂದ ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಚಪ್ಪಲಿ ಕೈಯಲ್ಲಿ, ಗಿರಿಜಾ ಹತ್ತಿ ಬಂದಳು.

"ಕಾಕಾ, ನಿಮಗ ಒಂದ ಜಾಗಾದಾಗ ಕೂಡ್ರಾಕ ಬರೂದಿಲ್ಲೇನು?"

ನಾನು ಪದ್ಧತಿಯಂತೆ ಶುರು ಮಾಡಿದೆ: "ಅರೆ ಗಿರಿಜಾ, ನೀವೂ ವಾಕಿಂಗ್ ಬಂದ್ರಾ?"

"ವಾಕಿಂಗ್ ಅಲ್ರಿ, ಓಟದ ಶರ್ಯತ್ತು. ನಿಮ್ಮ ಬೆನ್ನ ಹತ್ತಿ ಮೂರನೇ ಬಾಗ್ ಇದು. ಚಪ್ಪಲ್ ಸುದ್ದಾ ಹರೀತು."

ಹಿಂದೆ ಏದುಸಿರು ಬಿಡುತ್ತ ಬಸವಂತಪ್ಪ. "ಬಸ್ ತಪ್ಪಿ ಸ್ವಲ್ಪ ತಡಾ ಆತ್ರಿ. ಬಂದು ನೋಡಿದ್ರ ಹುಲಿ ಐತಿ, ನೀವಿಲ್ಲ. ಅವರಿಗೆ ಮನಸಿಲ್ಲ, ನಡಿ ಮನಿಗೆ ಅಂದೆ. ಈಕಿ ಕೇಳಬೇಕಲ್ಲ?"

"ಅಂದರೆ, ನಾವು ಮಾತಾಡಿದ್ದು ಮಹಾರಾಜಬಾಗೇ ಏನು?"

"ಮತ್ತೆಲ್ಲಿ? ಸಂತ್ರಾ ಸುಲೀತ ನಾನಽ ಹೇಳಿದ್ನಲ್ಲ ನಿಮಗ."

ನೆನಪು ಸರಿಯಾಗಿಯೇ ಇತ್ತು. ನಂಬದವನು ನಾನು. ಯೂನಿವರ್ಸಿಟಿಯಲ್ಲಿ ಸಂಶಯಪಡುವುದನ್ನು ಚೆನ್ನಾಗಿ ಕಲಿಸಿದರು. ಕೂತಲ್ಲೇ ಕೂತು ಸಂಶಯಪಡಬಹುದು ಎಂದು ಯಾರೂ ಹೇಳಲಿಲ್ಲ.

"ನಾವು ಇಲ್ಲಿದ್ದೀವಿ ಅಂತ ಹೇಗೆ ಗೊತ್ತಾಯಿತು?"

ಗಿರಿಜಾ ಮಾಧವನ ಕಡೆ ನೋಡಿದಳು. "ಇವರು ನಿರೋಪ ಇಟ್ಟು ಬಂದಾರಲ್ರಿ, ಎಲ್ಲಿಗೆ ಹೊಂಟೀವಂತ. ಅಲ್ಲಿ ಶೇಂಗಾದವನ ಹತ್ರ. ಆಮ್ಯಾಲೆ ತುಳಸಿಬಾಗಿನಾಗ ಮಂಕಿ ಕ್ಯಾಪ್ ಆಜೋಬಾನ ಹತ್ರ. ಅಪ್ಪಾಗ ನಾ ಅಂದೆ, ಬ್ಯಾಡ ಅನ್ನಾವ ಗೇಟಿಗೊಂದು ನಿರೋಪ ಯಾಕ ಇಡ್ತಾನ?"

ಮಾಧವನ ಕಿವಿ ಕೆಂಪಾಗಿತ್ತು. "ಅಭ್ಯಾಸ ಸಾರ್. ನಮ್ಮಲ್ಲಿ ಪೋಸ್ಟ್ ಬಿಟ್ಟು ಹೋಗೋವಾಗ ಎಲ್ಲಿಗೆ ಅಂತ ಗೇಟಲ್ಲಿ ಹೇಳಿ ಹೋಗಬೇಕು."

"ನಮ್ಮ ಪದ್ಧತಿ ಪ್ರಕಾರ ಅದು ತಪ್ಪು ಕಣೋ."

"ಹೌದು ಸಾರ್," ಅಂದ. ಪಶ್ಚಾತ್ತಾಪದ ಸುಳಿವೂ ಇರಲಿಲ್ಲ.

ಗೇಟಿನ ಹೊರಗೆ ಚಪ್ಪಲಿ ಹೊಲಿಯುವವನಿದ್ದ. ಮಾಧವ ಕೈ ಚಾಚಿದ. ಅವಳು ಹರಿದ ಚಪ್ಪಲಿ ಕೊಟ್ಟಳು. ಇಸ್ತ್ರಿ ಪ್ಯಾಂಟಿನ ಕಾರ್ಪೋರಲ್ ಅದನ್ನು ಹಿಡಿದುಕೊಂಡು ಮೆಟ್ಟಿಲಿಳಿದ. ಅವಳು ಒಂಟಿ ಚಪ್ಪಲಿಯಲ್ಲಿ ಕುಂಟುತ್ತ, ನಗುತ್ತ, ಪಕ್ಕದಲ್ಲೇ ಇಳಿದಳು. ಬಸವಂತಪ್ಪ ಅವರಿಬ್ಬರನ್ನೂ ಬಹಳ ಹೊತ್ತು ನೋಡಿದರು.

ಈಗ ಸಂಬಳ, ಸೈಟು, ಗೋತ್ರ ಕೇಳುತ್ತಾರೆಂದು ನಾನು ಸಿದ್ಧನಾದೆ. ಅವರು ಕೇಳಿದ್ದು ಬೇರೆ.

"ಇಂವಾ ಯಾವಾಗಲೂ ಹಿಂಗ ಏನ್ರಿ?"

"ಹೇಗೆ?"

"ಹೇಳಿ ಹೋಗಾವ."

"ಹೌದು," ಅಂದೆ. ಅಂದು ನಾನು ಸಂಶಯವಿಲ್ಲದೆ ಆಡಿದ ಮಾತು ಅದೊಂದೇ.

"ಹಂಗಾದ್ರ ಸಾಕು ಬಿಡ್ರಿ," ಎಂದು ಅವರು ನನ್ನ ಪೊಟ್ಟಣದಿಂದ ಶೇಂಗಾ ತೆಗೆದುಕೊಂಡರು. ಇಬ್ಬರೂ ಸೇರಿ ಖಾಲಿ ಮಾಡಿದೆವು.

ಒಂದು ಚಪ್ಪಲಿಯ ಉಂಗುಷ್ಠ ಹೊಲಿಯಲು ಎಷ್ಟು ಹೊತ್ತು ಬೇಕು? ಅವರು ಬಂದಾಗ ಬಿಸಿಲು ಬೆಂಚಿನಿಂದ ನಮ್ಮನ್ನು ಎಬ್ಬಿಸಿ ಮರದ ಕೆಳಗೆ ಕಳಿಸಿತ್ತು. ನಾನು ಗಂಟಲು ಸರಿಮಾಡಿಕೊಂಡೆ. "ಹಾಗಾದರೆ ಹುಡುಗ ಹೊರಡುವ ಮುಂಚೆ, ಮಂಗಳವಾರ ಎಲ್ಲರೂ ಮತ್ತೊಮ್ಮೆ..."

"ಮಂಗಳವಾರದ್ದು ನಾವಽ ಠರಾವ್ ಮಾಡೇವ್ರಿ ಕಾಕಾ," ಅಂದಳು ಗಿರಿಜಾ. "ಜಾಗಾನೂ, ಟೈಮೂ. ನೀವು ತ್ರಾಸ ತಗೋಬ್ಯಾಡ್ರಿ."

ಬಸವಂತಪ್ಪ ನನ್ನ ಮುಖ ನೋಡಿ ನಕ್ಕರು.

ಎಲ್ಲಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೂ, ನನ್ನ ನೆನಪನ್ನು ನಂಬಿ ಅಲ್ಲಿಗೆ ಹೋಗುವವರು ಯಾರು?