ಕೀಳದೆ ಉಳಿದ ಒರಳು

ಕಳೆದ ವಾಯಿದೆಯ ದಿನ ಕೋರ್ಟಿನ ಪಡಸಾಲೆಯಲ್ಲಿ ಯಾರೋ ಬುತ್ತಿ ಬಿಚ್ಚಿದರು. ಹುಚ್ಚೆಳ್ಳು ಪುಡಿಯ ಘಮ ಬಂತು. ನಿಮಗೂ ಅಂಥದೊಂದು ವಾಸನೆ ಇದ್ದೀತು. ಮನೆ ಹೋದರೂ ಅದು ಹೋಗುವುದಿಲ್ಲ. ಹುರಿದ ಹುಚ್ಚೆಳ್ಳು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಅವ್ವ ಕುಟ್ಟುತ್ತಿದ್ದರೆ ತಾಂಡ್ಯ ಊರಿನ ಕಡೆಯ ನಮ್ಮ ಹೊಲದ ಮನೆಯೆಲ್ಲ ಆ ಘಮವೇ. ಒರಳು ನಡುಮನೆಯ ನೆಲದಲ್ಲಿ ಹೂತದ್ದು, ಬಾಯಿ ಮಾತ್ರ ಮೇಲೆ. ಅದಕ್ಕೆ ಅಂಟಿದ ಎಣ್ಣೆಪುಡಿಯನ್ನು ನಾನೂ ತಮ್ಮ ಮಹದೇವನೂ ಬೆರಳಲ್ಲಿ ಬಳಿದು ನೆಕ್ಕುತ್ತಿದ್ದೆವು. ಒರಳಿನ ಪಕ್ಕ ಕೂತರೆ ತೆರೆದ ಬಾಗಿಲಲ್ಲಿ ಮೊದಲು ನಮ್ಮ ಬಾವಿ, ಅದರ ನೇರಕ್ಕೆ ಹಿಂದೆ ಎಮ್ಮೆ ಮಲಗಿದಂಥ ಬಂಡೆ ಕಾಣುತ್ತಿದ್ದವು. ಅವ್ವ ಒನಕೆ ಹಾಕಿದ ಪೆಟ್ಟು ಗೋಡೆಗೊರಗಿದ ನನ್ನ ಬೆನ್ನಿಗೂ ತಿಳಿಯುತ್ತಿತ್ತು.

ಆ ನೆಲ ಕಾರ್ಖಾನೆಗೆ ಬೇಕೆಂದು ಸರ್ಕಾರ ತೆಗೆದುಕೊಂಡಿತು. ಮನೆ ಕೆಡವಲು ಜನ ಬರುತ್ತಾರೆಂದು ಗೊತ್ತಾದಾಗ ತಾತ, "ನಮ್ಮ ದೇವರ ಗೂಡಿಗೆ ಕಂಡೋರು ಆರೆ ಆಕೋದು ಬ್ಯಾಡ. ಕಟ್ಟಿದ್ದೂ ನಾವೇ, ಬಿಚ್ಚೋದೂ ನಾವೇ" ಅಂದುಬಿಟ್ಟ. ಹೆಂಚು, ತೊಲೆ, ಬಾಗಿಲು ಎಲ್ಲ ಇಳಿಸಿದರು. ಗೋಡೆಯ ಮಣ್ಣನ್ನೂ ಗಾಡಿಯಲ್ಲಿ ಹೊಲಕ್ಕೆ ಹೊಡೆದರು. ಕೊನೆಗೆ ನೆಲವನ್ನು ಗುಡಿಸಿ ಸಾರಿಸಿದ್ದೂ ಆಯಿತು. ಒರಳೊಂದಕ್ಕೆ ಮಾತ್ರ ಅವ್ವ ಕೈ ಹಾಕಗೊಡಲಿಲ್ಲ. "ಊರಿದ ಒರಳ ಕೀಳಂಗಿಲ್ಲ ಮಾವ. ನಮ್ಮತ್ತೆನೂ ಅಂಗೇ ಯೋಳಿದ್ರು" ಅಂದಳು. ಅರಿಶಿನ ಕುಂಕುಮ ಇಟ್ಟು, ಮರಳು ತುಂಬಿ, ಮೇಲೊಂದು ಚಪ್ಪಡಿ ಮುಚ್ಚಿ ಮಣ್ಣು ಬಳಿದಳು. ಮಾರನೆಯ ದಿನ ಬಂದ ಅಧಿಕಾರಿಗಳು ನೋಡಿದರು. ಖಾಲಿ ನೆಲ, ಮನೆ ಇಲ್ಲ ಎಂದು ಮಹಜರು ಬರೆದು ಹೋದರು. ಯಾರೂ ಮನೆ ಮುಟ್ಟಲಿಲ್ಲವೆಂದು ತಾತನಿಗೆ ಸಮಾಧಾನ. ಗುರುತೂ ಉಳಿಯದ ಹಾಗೆ ತಾನೇ ಬಿಚ್ಚಿದ್ದೇ ಆತ ಮಾಡಿದ ತಪ್ಪು. ಹದಿನಾರು ಎಂಬ ಊರಿನ ನೆಂಟರ ಕೊಟ್ಟಿಗೆಯಲ್ಲಿ ಆ ತೊಲೆಗಳನ್ನು ಪೇರಿಸಿಟ್ಟು, ಅವುಗಳ ಎದುರಿಗೇ ಚಾಪೆ ಹಾಕಿಕೊಂಡು ಸತ್ತ.

ಕಾರ್ಖಾನೆ ಬರಲಿಲ್ಲ, ಜಾಲಿ ಬಂತು. ಈಗ ಅದೇ ನೆಲವನ್ನು ಇನ್ಯಾರಿಗೋ ಕೊಡುತ್ತಾರೆಂದು ತಿಳಿದು, ಮನೆ ಇದ್ದ ಜಾಗವನ್ನಾದರೂ ನಮಗೆ ಬಿಡಿ ಎಂದು ನಾನೂ ಮಹದೇವನೂ ಕೇಸು ಹಾಕಿದೆವು. ಕಟಕಟೆಯಲ್ಲಿ ಸರ್ಕಾರದ ವಕೀಲರು ನನ್ನನ್ನು ಕೇಳಿದರು: "ಮನೆ ಇತ್ತು ಅಂತೀರಲ್ಲಜ್ಜಿ, ಮಹಜರಲ್ಲಿ ಇಲ್ವಲ್ಲ?"

"ಇಲ್ದೆ ನಾನೇನು ಜಾಲಿ ಮುಳ್ಳ ಮ್ಯಾಲೆ ಉಟ್ಟಿದ್ನಾ ಸಾ?"

ಕೂತವರೆಲ್ಲ ನಕ್ಕರು. ನಾನು ನಗಲಿಲ್ಲ. ಒರಳಿನ ವಿಷಯ ಹೇಳಿದೆ. ಜಡ್ಜರು ಜಾಗ ನೋಡಿ ಬರಲು ಒಬ್ಬ ಕಮಿಷನರನ್ನು ನೇಮಿಸಿದರು.

ಕಮಿಷನರು ಬಂದ ದಿನ ಮುಳ್ಳು ಸವರಿಸಿ ನಾನು ತೋರಿಸಿದ ಕಡೆ ಅಗೆದರು. ಇಲ್ಲ. ಇನ್ನೊಂದು ಕಡೆ ಅಗೆದರು. ಅಲ್ಲೂ ಇಲ್ಲ. "ಕನಸಲ್ಲಿ ಕುಟ್ಟಿದ್ರೇನಜ್ಜಿ?" ಅಂದರು ಆ ವಕೀಲರು. ಮಂಡಿ ನೋವಿಗೆ ನೆಲಕ್ಕೆ ಕುಸಿದು ಕೂತೆ. ಕೂತಾಗ ಜಾಲಿ ಕೊಂಬೆಗಳ ಕೆಳಗಿಂದ ಬಂಡೆ ಕಂಡಿತು, ಅದೇ ಮಲಗಿದ ಎಮ್ಮೆ. ಅಲ್ಲಿಯವರೆಗೆ ನಿಂತುಕೊಂಡು ಹುಡುಕುತ್ತಿದ್ದೆ. ಆ ಮನೆಯನ್ನು ನಾನು ನೋಡಿದ್ದೆಲ್ಲ ಕೂತುಕೊಂಡೇ. ಬಾವಿಯ ಕಟ್ಟೆ ಬಂಡೆಯ ನೇರಕ್ಕೆ ಬರುವವರೆಗೆ ಕೂತಲ್ಲೇ ತೆವಳಿದೆ. "ಇಲ್ಲಿ ಅಗೀರಿ" ಅಂದೆ. ಹಾರೆ ಠಣ್ಣೆಂದಿತು. ಚಪ್ಪಡಿ ತೆಗೆದು ಮಹದೇವ ಮರಳನ್ನು ಬೊಗಸೆಯಲ್ಲಿ ಎತ್ತಿಹಾಕಿದ. ಒರಳಿನ ಬಾಯಿಯನ್ನು ಬೆರಳಿಂದ ಬಳಿದು ಮೂಸಿದ, ಈ ವಯಸ್ಸಿನಲ್ಲಿ. ಬರೀ ಮಣ್ಣಿನ ವಾಸನೆ.

ಇದನ್ನು ಕಿತ್ತು ಕೋರ್ಟಿಗೇ ತಂದರೆ ಸಾಕ್ಷಿ ಗಟ್ಟಿಯಾಗುತ್ತದೆ ಎಂದರು ನಮ್ಮ ಲಾಯರು. ಮಹದೇವ ಹಾರೆ ಎತ್ತಿಕೊಂಡ. ನಾನು ಎದ್ದು ಒರಳಿನೊಳಗೆ ಕಾಲಿಟ್ಟು ನಿಂತೆ.

"ಕೀಳ್ಬ್ಯಾಡ ಕಣ್ಲಾ."

"ಅಕ್ಕೋ, ಕೇಸು ಬಿದ್ದೋದ್ರೆ?"

"ತಾತ ಎಲ್ಲಾನೂ ಕಿತ್ತು ಕೊಟ್ಟಿದ್ಕೇ ಅಲ್ವೇನ್ಲಾ ಮನೇನೇ ಇರ್ನಿಲ್ಲ ಅಂತಿರೋದು? ಇದ್ನೂ ನಮ್ಮ ಕೈಯಾರೆ ಕೀಳ್ಬೇಕಾ? ಬೇಕಾದ್ರೆ ಕೋರ್ಟೇ ಇಲ್ಲಿಗೆ ಬರ್ಲಿ."

ಲಾಯರಿಗೆ ಸಿಟ್ಟು ಬಂತು, ಬರಲಿ. ಕಮಿಷನರು ನಾನು ನಿಂತಿದ್ದ ಹಾಗೆಯೇ ಫೋಟೋ ತೆಗೆದುಕೊಂಡರು.

ತೀರ್ಪು ಇನ್ನೂ ಬಂದಿಲ್ಲ. ಪ್ರತಿ ವಾಯಿದೆಗೂ ಹೋಗುತ್ತೇನೆ, ಮುಂದಿನದಕ್ಕೂ ಹೋಗುತ್ತೇನೆ. ಅವ್ವ ಇಲ್ಲ, ತಾತ ಇಲ್ಲ, ತೊಲೆಗಳಿಗೆ ಗೆದ್ದಲು ಹಿಡಿಯಿತು, ಒನಕೆ ಯಾರ ಒಲೆ ಸೇರಿತೋ. ಒರಳು ಮಾತ್ರ ಆ ಬಯಲಲ್ಲಿ ಬಾಯಿ ತೆರೆದು ಕೂತಿದೆ. ಹೊಸ ಒನಕೆ ಮಾಡಿಕೊಡಲು ಬಡಗಿಗೆ ಹೇಳಿದ್ದೇನೆ.